ಹಳೇ ಟಾಟಾ ಏಸ್ ತಗೊಳ್ತಿದ್ದೀರಾ? ಕಾಗದ ಮೊದಲು ನೋಡಿ, ಬಣ್ಣ ಕೊನೆಗೆ



ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ. ಎರಡು ಎಕರೆ ಹಿಪ್ಪುನೇರಳೆ, ಒಂದೂವರೆ ಎಕರೆ ಟೊಮೆಟೊ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ, ಟೊಮೆಟೊ ಚಿಂತಾಮಣಿಗೆ ಹೋಗುತ್ತೆ. ಬೆಳೆ ಕೈಗೆ ಬಂದ ದಿನವೇ ಬಾಡಿಗೆ ಗಾಡಿ ಸಿಗಲ್ಲ ಅನ್ನೋದು ನಿಮಗೂ ಗೊತ್ತಿರೋ ಕಷ್ಟ. ಅದಕ್ಕೇ 2021ರಲ್ಲಿ ಒಂದು ಹಳೇ ಟಾಟಾ ಏಸ್ ತಗೊಂಡೆ. ಎರಡು ಬೆಳೆ ಗೂಡಿನ ದುಡ್ಡು, ಅಪ್ಪ ಒಂದು ಹಸು ಮಾರಿ ಕೊಟ್ಟ ದುಡ್ಡು, ಎಲ್ಲಾ ಸೇರಿ ಕೈಯಲ್ಲಿದ್ದದ್ದು 1,80,000 ರೂಪಾಯಿ.

ಎರಡು ಗಾಡಿ ನೋಡಿದ್ದೆ. ಒಂದಕ್ಕೆ 2 ಲಕ್ಷ ಕೇಳಿದ್ರು. ಬಣ್ಣ ಮಾಸಿತ್ತು, ಆದ್ರೆ ಕಾಗದವೆಲ್ಲಾ ಚಾಲ್ತಿಯಲ್ಲಿತ್ತು. ಇನ್ನೊಂದು 2009ರ ಮಾಡೆಲ್, ಹೊಸ ಪೇಂಟು, ಹೊಸ ಸೀಟ್ ಕವರ್, 1,35,000 ರೂಪಾಯಿ. 45 ಸಾವಿರ ಉಳೀತಲ್ಲ ಅಂತ ಎರಡನೆಯದನ್ನೇ ತಂದೆ. ಆಮೇಲೆ ಆಗಿದ್ದು ಇಷ್ಟು:

- ಗಾಡಿ ಮೇಲೆ ಹಿಂದಿನವರ ಸಾಲ ಬಾಕಿ: 38,000
- ಹೆಡ್ ಗ್ಯಾಸ್ಕೆಟ್ ಮತ್ತು ಕ್ಲಚ್: 24,000
- ಇನ್ಶೂರೆನ್ಸ್: 18,000
- ಎರಡು ಟೈರ್: 7,000
- ಎಫ್‌ಸಿ ಮಾಡಿಸಿದ ಖರ್ಚು: 6,000

ಗಾಡಿ ಬೆಲೆ ಸೇರಿಸಿದರೆ 2,28,000. ಎರಡು ಲಕ್ಷದ ಗಾಡಿ ದುಬಾರಿ ಅಂತ ಬಿಟ್ಟು, ಅದಕ್ಕಿಂತ ದುಬಾರಿ ಗಾಡಿ ತಂದಿದ್ದೆ. 48 ಸಾವಿರ ಕೈಸಾಲ ಆಯ್ತು.

ಅದಕ್ಕಿಂತ ಹೆಚ್ಚು ನೋವಾಗಿದ್ದು ಒಂದು ಬೆಳಗ್ಗೆ. 148 ಕೆ.ಜಿ. ಗೂಡು ಹಾಕ್ಕೊಂಡು ಕತ್ತಲಲ್ಲೇ ಹೊರಟಿದ್ದೆ. ಶಿಡ್ಲಘಟ್ಟಕ್ಕೆ ಇನ್ನೂ ಅರ್ಧ ದಾರಿ ಇರುವಾಗ ಏರಿನಲ್ಲಿ ರೇಡಿಯೇಟರ್ ನೀರು ಕುದಿದು ಗಾಡಿ ನಿಂತುಬಿಡ್ತು. ಬೇರೆ ಗಾಡಿ ಹುಡುಕಿ ಗೂಡು ತಲುಪಿಸುವಷ್ಟರಲ್ಲಿ ಹರಾಜಿನ ಹೊತ್ತು ಮೀರಿತ್ತು. ಮನೆಗೆ ವಾಪಸ್ ತಂದರೆ ಹುಳ ಚಿಟ್ಟೆಯಾಗಿ ಗೂಡು ತೂತಾಗೋ ಭಯ. ಕೇಳಿದ ಬೆಲೆಗೆ ಕೊಟ್ಟು ಬಂದೆ. ಕೆ.ಜಿ.ಗೆ 70 ರೂಪಾಯಿ ಕಮ್ಮಿ, ಅಂದ್ರೆ ಒಂದೇ ದಿನಕ್ಕೆ 10,360 ರೂಪಾಯಿ ಹೋಯ್ತು. ತಪ್ಪು ಯಾರದ್ದೂ ಅಲ್ಲ, ನಂದೇ.

ಗಾಡಿ ಬಿಚ್ಚಿದ ಮೆಕ್ಯಾನಿಕ್ ಅಣ್ಣ ಹೇಳಿದ ಮಾತು ಇವತ್ತಿಗೂ ನೆನಪಿದೆ: "ಗಾಡಿನ ನಿಂತ್ಕೊಂಡು ನೋಡಿದ್ಯಾ? ಮಲಗಿ ನೋಡ್ಬೇಕು ಕಣಪ್ಪಾ."

2023ರಲ್ಲಿ ಎರಡನೇ ಗಾಡಿ ತಗೊಂಡಾಗ ಅದೇ ಅಣ್ಣನನ್ನು ಕರ್ಕೊಂಡು ಹೋದೆ. ಅವರಿಂದ ಕಲಿತದ್ದನ್ನು ಈ ವಾರ ನಿಮಗೆ ಹೇಳ್ತೀನಿ. ಕ್ರಮ ನೆನಪಿಡಿ: ಮೊದಲು ಕಾಗದ, ಆಮೇಲೆ ಛಾಸಿ, ಆಮೇಲೆ ಇಂಜಿನ್, ಕೊನೆಗೆ ಬಣ್ಣ. ನಾನು ಮೊದಲ ಸಲ ಇದನ್ನು ತಲೆಕೆಳಗಾಗಿ ಮಾಡಿದ್ದೆ.

ಗಾಡಿ ಬೇಕೇ ಬೇಕಾ? ಮೊದಲು ಲೆಕ್ಕ ಹಾಕಿ

ಗಾಡಿ ನೋಡೋಕೆ ಹೋಗುವ ಮುಂಚೆ ಹೋದ ವರ್ಷ ಕೊಟ್ಟ ಬಾಡಿಗೆಯನ್ನೆಲ್ಲಾ ಒಂದು ಪುಸ್ತಕದಲ್ಲಿ ಬರೆಯಿರಿ. ನನ್ನ ಲೆಕ್ಕ ಹೀಗಿತ್ತು: ವರ್ಷಕ್ಕೆ 58 ಸಲ, ಸಲಕ್ಕೆ ಸರಾಸರಿ 1,400 ರೂಪಾಯಿ. ಒಟ್ಟು 81,200.

ಸ್ವಂತ ಗಾಡಿ ಇದ್ದರೆ ಅದು ಓಡಲಿ ಬಿಡಲಿ, ವರ್ಷಕ್ಕೆ ಬರೋ ಖರ್ಚು: ಇನ್ಶೂರೆನ್ಸ್ 18,000, ಎಫ್‌ಸಿ 6,000, ಸರ್ವಿಸ್ ಮತ್ತು ಸಣ್ಣ ರಿಪೇರಿ 15,000, ಟೈರು-ಬ್ಯಾಟರಿಗೆ ಎತ್ತಿಡಬೇಕಾದ್ದು 10,000. ಒಟ್ಟು 49,000. ಇದರ ಮೇಲೆ ಪ್ರತಿ ಸಲಕ್ಕೆ 300 ರೂಪಾಯಿ ಡೀಸೆಲ್.

ಅಂದ್ರೆ ಒಂದು ಸಲ ಸ್ವಂತ ಗಾಡಿಯಲ್ಲಿ ಹೋದ್ರೆ ಉಳಿಯೋದು 1,100. 49,000ವನ್ನು 1,100ರಿಂದ ಭಾಗಿಸಿದರೆ ಸುಮಾರು 45. ವರ್ಷಕ್ಕೆ 45 ಸಲಕ್ಕಿಂತ ಕಮ್ಮಿ ಹೋಗುವವರಿಗೆ ಬಾಡಿಗೆ ಗಾಡಿಯೇ ಲಾಭ. ಗಾಡಿಗೆ ಹಾಕಿದ ಬಂಡವಾಳವನ್ನು ನಾನಿಲ್ಲಿ ಸೇರಿಸಿಯೇ ಇಲ್ಲ. ನಿಮ್ಮ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ಅಣ್ಣತಮ್ಮಂದಿರು ಅಥವಾ ಪಕ್ಕದ ತೋಟದವರು ಇಬ್ಬರು ಸೇರಿ ತಗೊಂಡ್ರೆ ಈ ಲೆಕ್ಕ ಬೇಗ ಹೊಂದುತ್ತೆ. ಆದ್ರೆ ಆರ್‌ಸಿ ಯಾರ ಹೆಸರಲ್ಲಿ, ರಿಪೇರಿ ಯಾರು ಕೊಡೋದು ಅನ್ನೋದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಯಾವ ಗಾಡಿ? ನಿಮ್ಮ ಲೋಡನ್ನು ಕೇಳಿ

ರೇಷ್ಮೆ ಗೂಡು ಹಗುರ, ಆದ್ರೆ ಜಾಗ ಜಾಸ್ತಿ ಬೇಕು, ಗಾಳಿ ಆಡಬೇಕು. 200 ಮೊಟ್ಟೆಯ ಗೂಡು 150 ಕೆ.ಜಿ. ಆಸುಪಾಸು ಇರುತ್ತೆ. ಅದಕ್ಕೆ ಸಣ್ಣ ಗಾಡಿ ಸಾಕು. ಟೊಮೆಟೊ ಹಾಗಲ್ಲ. 15 ಕೆ.ಜಿ. ಬಾಕ್ಸಿಗೆ ಖಾಲಿ ಕ್ರೇಟಿನ ತೂಕ ಸೇರಿಸಿದರೆ 17 ಕೆ.ಜಿ. ಹತ್ತಿರ. ಮುಕ್ಕಾಲು ಟನ್ನಿನ ಗಾಡಿಗೆ 44 ಬಾಕ್ಸ್ ಅಷ್ಟೇ ಲೆಕ್ಕ. ನೀವು ದಿನಕ್ಕೆ 80 ಬಾಕ್ಸ್ ಕೀಳುವವರಾದರೆ ಏಸ್ ನಿಮ್ಮ ಗಾಡಿ ಅಲ್ಲ.

ನಮ್ಮ ಕಡೆ ಹಳೇ ಗಾಡಿಗಳಲ್ಲಿ ಹೆಚ್ಚು ಸಿಗೋದು ಇವು:

ಟಾಟಾ ಏಸ್: 2005ರಲ್ಲಿ ಬಂದದ್ದು. ಎರಡು ಸಿಲಿಂಡರ್ ಡೀಸೆಲ್, ಮುಕ್ಕಾಲು ಟನ್ನಿನ ಗಾಡಿ. ಇದರ ಕೆಲಸ ಗೊತ್ತಿರೋ ಮೆಕ್ಯಾನಿಕ್ ಎಲ್ಲಾ ಊರಲ್ಲೂ ಸಿಗ್ತಾರೆ. ಬಡ್ಜೆಟ್ ಕಮ್ಮಿ ಇರುವವರಿಗೆ ಇದೇ ದೊಡ್ಡ ಅನುಕೂಲ.

ಅಶೋಕ್ ಲೇಲ್ಯಾಂಡ್ ದೋಸ್ತ್: 2011ರಲ್ಲಿ ಬಂತು. ಮೂರು ಸಿಲಿಂಡರ್, ಒಂದೂಕಾಲು ಟನ್ ಹೊರುತ್ತೆ. ಟೊಮೆಟೊ, ಕೋಸು ಬೆಳೆಯುವವರಿಗೆ ಒಳ್ಳೇದು.

ಮಹೀಂದ್ರಾ ಬೊಲೆರೊ ಪಿಕಪ್: ಗಟ್ಟಿ ಗಾಡಿ, ತೋಟದ ದಾರಿಗೂ ಸರಿ. ಆದ್ರೆ ಹಳೇದಾದ್ರೂ ಬೆಲೆ ಇಳಿಯಲ್ಲ. ಕಮ್ಮಿ ಬೆಲೆಗೆ ಸಿಕ್ಕರೆ ಯಾಕೆ ಅಂತ ಅನುಮಾನ ಪಡಿ.

ಮಾರುತಿ ಓಮ್ನಿ, ಈಕೋ: ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಸುತ್ತಲೂ ಮುಚ್ಚಿದ ಗಾಡಿಯಲ್ಲಿ ಗೂಡು ಬೇಗ ಬಿಸಿಯಾಗುತ್ತೆ. ವೈಟ್ ಬೋರ್ಡ್ ಗಾಡಿಯಲ್ಲಿ ಬೇರೆಯವರ ಮಾಲು ಬಾಡಿಗೆಗೆ ಹೊಡೆಯುವಂತಿಲ್ಲ.

ಏಪ್ರಿಲ್ 2020ರಿಂದ ಬಂದ ಗಾಡಿಗಳು ಬಿಎಸ್-6. ಹೊಗೆ ಕಮ್ಮಿ, ಆದ್ರೆ ಸೆನ್ಸರ್‌ಗಳು ಜಾಸ್ತಿ. ಸ್ಕ್ಯಾನರ್ ಇರೋ ಗ್ಯಾರೇಜ್ ಹತ್ತಿರದಲ್ಲಿ ಇದೆಯಾ ನೋಡ್ಕೊಳ್ಳಿ.

ಎಷ್ಟು ಲೋಡ್ ಹಾಕಬಹುದು ಅಂತ ಮಾರುವವರನ್ನು ಕೇಳಬೇಡಿ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕವೂ ಲೋಡ್ ಸಮೇತ ಒಟ್ಟು ತೂಕವೂ ಇರುತ್ತೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, ಅದೇ ನಿಮ್ಮ ಲೋಡು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಮಿತಿ ಮೀರಿದ ಲೋಡಿಗೆ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ಬೇರೆ. ಒಂದು ಸಲ ಸಿಕ್ಕಿಬಿದ್ದರೆ ಒಂದು ಬೆಳೆಯ ಲಾಭ ಹೋದಂಗೆ.

ಮೊದಲು ಕಾಗದ

ಗಾಡಿ ನೋಡೋಕೆ ಹೊರಡುವ ಮುಂಚೆಯೇ ನಂಬರ್ ಕೇಳಿ ತಗೊಂಡು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ನೋಂದಣಿ ದಿನಾಂಕ, ಎಫ್‌ಸಿ, ಇನ್ಶೂರೆನ್ಸ್ ಯಾವತ್ತಿನವರೆಗೆ ಇದೆ ಅಂತ ಮನೆಯಲ್ಲೇ ಕೂತು ತಿಳ್ಕೊಬಹುದು. ಇ-ಚಲನ್ ತಾಣದಲ್ಲಿ ದಂಡ ಬಾಕಿ ಇದೆಯಾ ನೋಡಿ. ನಂಬರ್ ಕೊಡೋಕೆ ಹಿಂದೆಮುಂದೆ ನೋಡುವವರ ಗಾಡಿ ನಮಗೆ ಬೇಡ.

ಆಮೇಲೆ ಒರಿಜಿನಲ್ ಆರ್‌ಸಿ ಕೈಗೆ ತಗೊಂಡು ಇವನ್ನು ನೋಡಿ:

ಸಾಲ: ಆರ್‌ಸಿಯಲ್ಲಿ ಬ್ಯಾಂಕು ಅಥವಾ ಫೈನಾನ್ಸ್ ಹೆಸರಿದ್ದರೆ ಅದನ್ನು ಎಚ್‌ಪಿ ಅಂತೀವಿ. "ಸಾಲ ಮುಗಿದಿದೆ, ಎನ್‌ಒಸಿ ಮುಂದಿನ ವಾರ ಬರುತ್ತೆ" ಅಂತ ನನಗೂ ಹೇಳಿದ್ರು. ಆ ಮುಂದಿನ ವಾರ ಬರಲೇ ಇಲ್ಲ. ಫೈನಾನ್ಸ್‌ನವರ ಎನ್‌ಒಸಿ ಮತ್ತು ಸಹಿ ಹಾಕಿದ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಸಾಲ ಬಾಕಿ ಇದ್ದರೆ ಮಾರುವವರ ಜೊತೆ ನೀವೇ ಹೋಗಿ, ಆ ಮೊತ್ತವನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿ ರಸೀದಿ ತಗೊಳ್ಳಿ. ಉಳಿದದ್ದನ್ನು ಮಾತ್ರ ಅವರಿಗೆ ಕೊಡಿ.

ಎಫ್‌ಸಿ: ಎಲ್ಲೋ ಬೋರ್ಡ್ ಗಾಡಿಗೆ ಎಂಟು ವರ್ಷ ಆಗುವವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್‌ಸಿ ಮುಗಿದ ಗಾಡಿ ಅಂದ್ರೆ ಬ್ರೇಕು, ಲೈಟು, ಬಾಡಿ ಕೆಲಸ ಎಲ್ಲಾ ನಿಮ್ಮ ತಲೆ ಮೇಲೆ. ಇಂದಿನ ಶುಲ್ಕ ಎಷ್ಟು ಅಂತ ಪರಿವಾಹನ್ ತಾಣದಲ್ಲಿ ನೋಡಿ ಬೆಲೆಯಲ್ಲಿ ಕಳೆಯಿರಿ.

ಇನ್ಶೂರೆನ್ಸ್: ಈ ಗಾತ್ರದ ಗೂಡ್ಸ್ ಗಾಡಿಗೆ ಥರ್ಡ್ ಪಾರ್ಟಿ ಒಂದಕ್ಕೇ 16 ಸಾವಿರದ ಆಸುಪಾಸು, ತೆರಿಗೆ ಬೇರೆ. ಇನ್ಶೂರೆನ್ಸ್ ಹತ್ತು ತಿಂಗಳು ಬಾಕಿ ಇರೋ ಗಾಡಿಗೂ ನಾಳೆ ಮುಗಿಯೋ ಗಾಡಿಗೂ ಇರೋ ವ್ಯತ್ಯಾಸ ಇದು.

ಪರ್ಮಿಟ್ ಮತ್ತು ಲೈಸೆನ್ಸ್: ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ಪಿಕಪ್‌ಗಳಲ್ಲಿ ಕೆಲವು ಈ ಮಿತಿ ದಾಟುತ್ತವೆ, ಆರ್‌ಸಿ ನೋಡಿ. ಲೈಸೆನ್ಸ್ ವಿಷಯದಲ್ಲಿ, ಎಲ್‌ಎಂವಿ ಇದ್ದವರು 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನವೆಂಬರ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹೊರ ರಾಜ್ಯದ ಗಾಡಿ: ನಮಗೆ ಆಂಧ್ರ ಗಡಿ ಹತ್ತಿರ. ಹಿಂದೂಪುರ, ಮದನಪಲ್ಲಿ ಕಡೆ ಎಪಿ ನಂಬರ್ ಗಾಡಿ 20-30 ಸಾವಿರ ಕಮ್ಮಿಗೆ ಸಿಕ್ತು ಅಂತ ಕೆಲವರು ಖುಷಿ ಪಡ್ತಾರೆ. ಅಲ್ಲಿಂದ ಫಾರಂ 28ರ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್ ಮಾಡಿಸಬೇಕು. ಆ ಖರ್ಚನ್ನು ಆರ್‌ಟಿಒ ಕಚೇರಿಯಲ್ಲಿ ಕೇಳಿ ಸೇರಿಸಿ ನೋಡಿದರೆ, ಚಿಕ್ಕಬಳ್ಳಾಪುರದ ಕೆಎ 40 ಅಥವಾ ಚಿಂತಾಮಣಿಯ ಕೆಎ 67 ಗಾಡಿಯೇ ಎಷ್ಟೋ ಸಲ ಅಗ್ಗ.

ಕೊನೆಗೆ ಛಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಗಾಡಿ ಮೇಲೆ ಹುಡುಕಿ, ಆರ್‌ಸಿ ಜೊತೆ ಒಂದೊಂದು ಅಕ್ಷರ ತಾಳೆ ನೋಡಿ. ಉಜ್ಜಿದಂಗೆ, ಮತ್ತೆ ಹೊಡೆದಂಗೆ ಕಂಡರೆ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ಛಾಸಿ: ಚಾಪೆ ಹಾಸಿ ಮಲಗಿ

ಗಾಡಿ ಕೆಳಗೆ ಒಂದು ಗೋಣಿಚೀಲ ಹಾಸಿ ಮಲಗಿ, ಮೊಬೈಲ್ ಟಾರ್ಚ್ ಹಾಕಿ. ಉದ್ದಕ್ಕೂ ಹೋಗಿರೋ ಎರಡು ಛಾಸಿ ಪಟ್ಟಿಗಳಲ್ಲಿ ಬಿರುಕು, ವೆಲ್ಡಿಂಗ್ ಗುರುತು, ತೇಪೆ ಇದೆಯಾ ನೋಡಿ. ಇಂಜಿನ್ ಕೆಟ್ಟರೆ ಮಾಡಿಸಬಹುದು. ಛಾಸಿ ಸೊಟ್ಟಗಾದ ಗಾಡಿ ಮುಗೀತು. ಟೈರನ್ನು ಒಂದು ಕಡೆಯೇ ತಿಂತಾ ಇರುತ್ತೆ.

ತರಕಾರಿ, ಹೂವು ಹೊತ್ತ ಗಾಡಿಗಳಲ್ಲಿ ನೀರು ಸೋರಿ ಬಾಡಿ ತಳ, ಕ್ಯಾಬಿನ್ ನೆಲ ತುಕ್ಕು ಹಿಡಿದಿರುತ್ತೆ. ಮ್ಯಾಟ್ ಎತ್ತಿ ನೋಡಿ. ಹೊಸ ಕಪ್ಪು ಪೇಂಟ್ ಇದ್ದ ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಶಬ್ದ ಬಂದರೆ ಸರಿ, ಬೊದ್ದು ಶಬ್ದ ಬಂದರೆ ಒಳಗೆ ತುಕ್ಕು.

ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನು ಎಣಿಸಿ. ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ದರೆ ಆ ಗಾಡಿ ದಿನಾ ಓವರ್‌ಲೋಡ್ ಹೊಡೆದಿದೆ ಅಂತ ಅರ್ಥ. ಅದರ ಕ್ಲಚ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲಾ ಸವೆದಿರುತ್ತೆ.

ಮೀಟರ್ ಓದನ್ನು ನಂಬಬೇಡಿ, ತಿರುಗಿಸೋದು ಸುಲಭ. ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣ್ತಿದ್ದು ಮೀಟರ್ 40,000 ಕಿ.ಮೀ. ತೋರಿಸಿದರೆ ಅದು ಸುಳ್ಳು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಬಟನ್ ಚೆನ್ನಾಗಿ ಕಂಡರೂ ಏಳೆಂಟು ವರ್ಷದ ರಬ್ಬರ್ ಒಣಗಿ ಸಿಡಿಯುತ್ತೆ.

ಆಮೇಲೆ ಇಂಜಿನ್: ತಣ್ಣಗಿದ್ದಾಗಲೇ

"ಬೆಳಗ್ಗೆ ಆರಕ್ಕೆ ಬರ್ತೀನಿ, ಅಲ್ಲಿತನಕ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಬಿಸಿಯಾದ ಇಂಜಿನ್ ಎಲ್ಲಾ ರೋಗ ಮುಚ್ಚಿಡುತ್ತೆ. ಏಸ್‌ನಲ್ಲಿ ಇಂಜಿನ್ ಸೀಟಿನ ಕೆಳಗಿದೆ. ಸೀಟೆತ್ತಿ, ಹುಷಾರಾಗಿ ಹತ್ತಿರ ಕೈ ಹಿಡಿದು ನೋಡಿ. ಬಿಸಿ ಇದ್ದರೆ ನಿಮಗಿಂತ ಮುಂಚೆ ಸ್ಟಾರ್ಟ್ ಮಾಡಿದ್ದಾರೆ.

ಸ್ಟಾರ್ಟ್ ಮಾಡುವ ಮುಂಚೆ ರೇಡಿಯೇಟರ್ ಮುಚ್ಚಳ ತೆಗೆಯಿರಿ. ನೀರಿನ ಮೇಲೆ ಎಣ್ಣೆ ತೇಲ್ತಿದ್ದರೆ, ಅಥವಾ ಇಂಜಿನ್ ಆಯಿಲ್ ಮುಚ್ಚಳದ ಒಳಗೆ ಹಾಲು ಕಾಫಿ ಥರ ನೊರೆ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ನನ್ನ ಮೊದಲ ಗಾಡಿಯ ರೋಗ ಇದೇ. ಅವತ್ತು ಮುಚ್ಚಳ ತೆಗೆದು ನೋಡಿದ್ದರೆ ಸಾಕಿತ್ತು.

ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ಚಳಿಯಲ್ಲಿ ಮೊದಲು ಸ್ವಲ್ಪ ಬಿಳಿ ಹೊಗೆ ಸಹಜ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಹೋಗ್ತಿರಬಹುದು. ನೀಲಿ ಹೊಗೆ ಅಂದ್ರೆ ಇಂಜಿನ್ ಆಯಿಲ್ ಉರೀತಿದೆ. ಕಪ್ಪು ಹೊಗೆಗೆ ಏರ್ ಫಿಲ್ಟರ್ ಅಥವಾ ಡೀಸೆಲ್ ಪಂಪ್ ಕಾರಣ ಇರಬಹುದು, ಅದು ಇವೆರಡಕ್ಕಿಂತ ಸಣ್ಣ ಖರ್ಚು.

ಇಂಜಿನ್ ಓಡ್ತಿರುವಾಗ ಆಯಿಲ್ ಮುಚ್ಚಳ ತೆಗೆಯಿರಿ. ಹೊಗೆ ಬುಸುಬುಸು ಅಂತ ನುಗ್ಗಿದರೆ ಅದೇ ಬ್ಯಾಕ್ ಕಂಪ್ರೆಷನ್. ಪಿಸ್ಟನ್, ರಿಂಗ್ ಸವೆದಿದೆ, ಇಂಜಿನ್ ಬಿಚ್ಚಬೇಕಾಗುತ್ತೆ ಅಂತ ತಿಳಿಯಿರಿ.

ಖಾಲಿ ಗಾಡಿ ಓಡಿಸಿ ಮೋಸ ಹೋಗಬೇಡಿ

ಖಾಲಿ ಗಾಡಿ ಎಲ್ಲವೂ ಚೆನ್ನಾಗೇ ಓಡುತ್ತೆ. ಎರಡನೇ ಸಲ ನಾನು ಹಸುವಿನ ಫೀಡ್ 50 ಕೆ.ಜಿ.ಯ 10 ಮೂಟೆ ಹಾಕಿಸಿ ಏರು ಹತ್ತಿಸಿದೆ. ಮಾರುವವರು ಮುಖ ಸಿಂಡರಿಸಿದ್ರು, ಆದ್ರೂ ಒಪ್ಪಿದ್ರು.

ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮುಂದೆ ಯಾರೂ ಇಲ್ಲ ಅಂತ ನೋಡಿ, ಮೂರನೇ ಗೇರ್ ಹಾಕಿ ನಿಧಾನವಾಗಿ ಕ್ಲಚ್ ಬಿಡಿ. ಇಂಜಿನ್ ತಕ್ಷಣ ಆಫ್ ಆದರೆ ಕ್ಲಚ್ ಚೆನ್ನಾಗಿದೆ. ಓಡ್ತಾನೇ ಇದ್ದರೆ ಕ್ಲಚ್ ಮುಗಿದಿದೆ. ಏರಿನಲ್ಲಿ ಗೇರ್ ತಾನಾಗೇ ಹೊರಗೆ ಬರುತ್ತಾ, ಇಳಿಜಾರಿನಲ್ಲಿ ಬ್ರೇಕ್ ಒಂದು ಕಡೆ ಎಳೆಯುತ್ತಾ, ಹಿಂದಿನಿಂದ ಗುಂಯ್ ಅಂತ ಶಬ್ದ ಬರುತ್ತಾ ಗಮನಿಸಿ. ಅರ್ಧ ಗಂಟೆ ಓಡಿಸಿದ ಮೇಲೆ ಬಿಸಿ ತೋರಿಸೋ ಮುಳ್ಳು ಎಲ್ಲಿದೆ ನೋಡಿ.

ಬೆಲೆ ಮಾತಾಡೋದು

ಕೈಯಲ್ಲಿರೋ ದುಡ್ಡನ್ನು ಮೂರು ಪಾಲು ಮಾಡಿ. ಎರಡು ಪಾಲಿನಷ್ಟು ಗಾಡಿಗೆ, ಒಂದು ಪಾಲು ಕಾಗದ ಮತ್ತು ರಿಪೇರಿಗೆ. ಎರಡನೇ ಸಲ ನನ್ನ ಹತ್ತಿರ 2,40,000 ಇತ್ತು. 2014ರ ಏಸ್ 1,70,000ಕ್ಕೆ ಬಂತು. ಕಾಗದ, ಕೆಲಸಕ್ಕೆ 46,000 ಆಯ್ತು. ಇನ್ನೂ 24,000 ಕೈಯಲ್ಲಿತ್ತು. ಕೈಸಾಲ ಆಗಲಿಲ್ಲ.

ಮೆಕ್ಯಾನಿಕ್‌ಗೆ 500-1,000 ಕೊಟ್ಟಾದರೂ ಜೊತೆಗೆ ಕರ್ಕೊಂಡು ಹೋಗಿ. ಮಾರುವವರೇ ತೋರಿಸಿದ ಮೆಕ್ಯಾನಿಕ್ ಬೇಡ. ಕಂಡ ಕೆಲಸಗಳನ್ನೆಲ್ಲಾ ಒಂದು ಚೀಟಿಯಲ್ಲಿ ದರ ಸಮೇತ ಬರೆಸಿ, ಆ ಚೀಟಿ ಮುಂದಿಟ್ಟು ಮಾತಾಡಿ. "ಅಣ್ಣಾ, ಕ್ಲಚ್‌ಗೆ ಇಷ್ಟು, ಎರಡು ಟೈರ್‌ಗೆ ಇಷ್ಟು, ಎಫ್‌ಸಿಗೆ ಇಷ್ಟು. ಇದನ್ನ ಕಳೆದು ಹೇಳಿ" ಅಂದರೆ ಜಗಳವಿಲ್ಲದೆ ಬೆಲೆ ಇಳಿಯುತ್ತೆ. ಅಡ್ವಾನ್ಸ್ ಸಣ್ಣದಾಗಿರಲಿ, ಬರವಣಿಗೆಯಲ್ಲಿರಲಿ. ದುಡ್ಡನ್ನು ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹಾಕಿ.

ಹೆಸರು ಬದಲಾಗುವ ತನಕ ಗಾಡಿ ನಿಮ್ಮದಲ್ಲ

ಫಾರಂ 29, ಫಾರಂ 30 ಎರಡಕ್ಕೂ ಸಹಿ ಆಗಬೇಕು. ರಾಜ್ಯದೊಳಗಿನ ಮಾರಾಟಕ್ಕೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ಹೆಸರು ಬದಲಾವಣೆಗೂ 14 ದಿನದೊಳಗೆ ಅರ್ಜಿ ಹಾಕಬೇಕು.

ಇದು ಕೊಂಡವರಿಗಷ್ಟೇ ಅಲ್ಲ, ಮಾರುವವರಿಗೂ ಮುಖ್ಯ. ಗಾಡಿ ಮಾರಿದ್ದರೂ ಆರ್‌ಸಿಯಲ್ಲಿ ಹೆಸರು ಉಳಿದಿದ್ದರೆ, ಅಪಘಾತದ ಪರಿಹಾರಕ್ಕೆ ಆ ಹೆಸರಿನವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ನನ್ನ ಮೊದಲ ಗಾಡಿ ಮಾರುವಾಗ, ಅದರ ರೋಗವನ್ನೆಲ್ಲಾ ಬಾಯಿಬಿಟ್ಟು ಹೇಳಿ, ಕೊಂಡವರನ್ನು ನಾನೇ ಆರ್‌ಟಿಒಗೆ ಕರ್ಕೊಂಡು ಹೋಗಿ ಹೆಸರು ಬದಲಾಯಿಸಿ ಬಂದೆ.

ಇನ್ನೊಂದು ಮಾತು. ಟೊಮೆಟೊ ಕೀಳೋಕೆ ಕೂಲಿಯವರನ್ನು ಹಿಂದೆ ತುಂಬ್ಕೊಂಡು ಹೋಗೋದು ನಮ್ಮ ಕಡೆ ಎಲ್ಲರೂ ಮಾಡ್ತಾರೆ. ಗೂಡ್ಸ್ ಗಾಡಿ ಜನ ಸಾಗಿಸೋಕಲ್ಲ. ಏನಾದ್ರೂ ಆದರೆ ಇನ್ಶೂರೆನ್ಸ್ ಕೈಕೊಡಬಹುದು, ಪರಿಹಾರ ಜಮೀನಿನ ಮೇಲೆ ಬರುತ್ತೆ. ಹೋದ ಜೀವ ಯಾವ ಪರಿಹಾರಕ್ಕೂ ವಾಪಸ್ ಬರಲ್ಲ. ಗಾಡಿ ತಂದ ಮೊದಲ ದಿನವೇ "ಹಿಂದೆ ಮಾಲು ಮಾತ್ರ" ಅಂತ ಮನೆಯವರಿಗೂ ಹೇಳಿಬಿಡಿ.

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ

1. ವರ್ಷಕ್ಕೆ ಎಷ್ಟು ಸಲ ಗಾಡಿ ಬೇಕು? ಲೆಕ್ಕ ಹೊಂದುತ್ತಾ?
2. ಆರ್‌ಸಿ ಪ್ರಕಾರ ಲೋಡ್ ಎಷ್ಟು? ನನ್ನ ಬಾಕ್ಸ್ ಎಷ್ಟು?
3. ಎಚ್‌ಪಿ, ಎಫ್‌ಸಿ, ಇನ್ಶೂರೆನ್ಸ್, ತೆರಿಗೆ, ದಂಡ ಬಾಕಿ.
4. ಛಾಸಿ ನಂಬರ್, ಇಂಜಿನ್ ನಂಬರ್ ತಾಳೆ.
5. ಕೆಳಗೆ ಮಲಗಿ: ಬಿರುಕು, ವೆಲ್ಡಿಂಗ್, ತುಕ್ಕು, ಎಕ್ಸ್‌ಟ್ರಾ ಪ್ಲೇಟ್.
6. ತಣ್ಣನೆ ಇಂಜಿನ್: ರೇಡಿಯೇಟರ್, ಆಯಿಲ್ ಮುಚ್ಚಳ, ಹೊಗೆ, ಬ್ಯಾಕ್ ಕಂಪ್ರೆಷನ್.
7. ಲೋಡ್ ಹಾಕಿ ಏರು: ಕ್ಲಚ್, ಗೇರ್, ಬ್ರೇಕ್, ಬಿಸಿ.
8. ಮೂರನೇ ಒಂದು ಪಾಲು ದುಡ್ಡು ಕೈಯಲ್ಲಿ ಉಳಿದಿದೆಯಾ?
9. ಎನ್‌ಒಸಿ, ಫಾರಂ 35, 29, 30 ಕೈಗೆ ಬಂತಾ?

ಇದರಲ್ಲಿ ಮೂರು ಮತ್ತು ನಾಲ್ಕರಲ್ಲಿ ಸಂಶಯ ಬಂದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಉಳಿದದ್ದನ್ನು ಬೆಲೆಯಲ್ಲಿ ಸರಿಮಾಡಬಹುದು.

ಎರಡನೇ ಗಾಡಿ ಮನೆ ಮುಂದೆ ನಿಲ್ಲಿಸಿದ ದಿನ ಅಪ್ಪ ಸುತ್ತ ಒಂದು ಸುತ್ತು ಹಾಕಿ, "ಏನಪ್ಪಾ, ಹೋದ್ಸಾರಿ ಗಾಡಿನೇ ನೋಡೋಕೆ ಚೆನ್ನಾಗಿತ್ತು" ಅಂದ್ರು. ನಿಜ, ಇದರ ಬಣ್ಣ ಇವತ್ತಿಗೂ ಮಾಸಿದೆ. ಆದ್ರೆ ಗೂಡಿನ ದಿನ ಒಂದು ಸಲವೂ ದಾರಿಯಲ್ಲಿ ನಿಂತಿಲ್ಲ. ಅವತ್ತು ಮಾರಿದ ಹಸುವಿನ ಜಾಗಕ್ಕೆ ಹೋದ ವರ್ಷ ಇನ್ನೊಂದು ಹಸು ಬಂದಿದೆ. ಅದರ ಫೀಡ್ ಮೂಟೆ ತರೋದೂ ಇದೇ ಗಾಡಿಯಲ್ಲೇ.